ಐದನೇ ತಂತಿ

ಮೋಟರು ಸುತ್ತುವವನ ಹತ್ತಿರ
ಗಿಟಾರಿನ ತಂತಿ ಯಾರು ತರುತ್ತಾರೆ?
ಎಸ್ತರ್ ತಂದಳು, ಮಂಡಕ್ಕಿ ಭಟ್ಟಿಯ ಹೊಗೆ ದಾಟಿ,
ಔಷಧಿ ಚೀಟಿಯೊಳಗೆ ಸುರುಳಿ ಮಾಡಿ.
"ಹರಿದಿಲ್ಲ ಬುಡೇನ್ ಸಾಬ್ರೆ, ಸತ್ತಿದೆ" ಅಂದಳು.
ಸತ್ತ ಮೋಟರು ನನಗೆ ಗೊತ್ತು, ವಾಸನೆಯಲ್ಲೇ ಹೇಳುತ್ತೇನೆ.
ಇದಕ್ಕೆ ವಾಸನೆ ಇರಲಿಲ್ಲ.
ಸಂದುಸಂದಿನಲ್ಲಿ ಬೆರಳ ಬೆವರಿನ ಉಪ್ಪು, ಅಷ್ಟೆ.

ಹೊರಸುತ್ತು ಬಿಚ್ಚಿದೆ. ಒಳಗೊಂದು ಉಕ್ಕಿನ ಎಳೆ.
ಬೆರಳಲ್ಲಿ ಹೊರಳಿಸಿದರೆ ತಡೆತಡೆದು ಹೊರಳಿತು.
ಹಲ್ಲು ಕಟ್ಟುವ ಲ್ಯಾಬಿನ ಕೆಲಸ ಅವಳದು,
ಚೀಲದಿಂದ ಭೂತಗನ್ನಡಿ ತೆಗೆದಳು.
ಆರು ಮೂಲೆ!
ರವಿಕೆ ಹೊಲಿಯುವ ಸೂಜಿಗಿಂತ ಸಪೂರ,
ಅದಕ್ಕೂ ಬೋಲ್ಟಿನ ತಲೆಯ ಆಕಾರ.
ಸ್ಪ್ಯಾನರು ಯಾಕೆ ಜಾರುವುದಿಲ್ಲ ಅಂತ
ನನಗೆ ಹೇಳಿಕೊಡಬೇಕೆ?

ಮೂವತ್ತಮೂರು ಗೇಜಿನ ತಾಮ್ರ, ಎನಾಮಲ್ ಕೆರೆದು,
ಕೈಯಂತ್ರಕ್ಕೆ ಎರಡೂ ತುದಿ ಬಿಗಿದು ತಿರುಗಿಸಿದೆ.
ಕಚ್ಚಿತು.
ಒಂದೊಂದು ಸುತ್ತೂ ಆರು ಕಡೆ ಹಲ್ಲೂರಿ ಕೂತಿತು.
ಮೂಲೆ ಮೂಲೆಯ ನಡುವೆ ಮಾತ್ರ
ಕಣ್ಣಿಗೆ ಕಾಣದಷ್ಟು ಗಾಳಿ.

ಅಂಗಡಿಯ ಮೆಟ್ಟಿಲ ಮೇಲೆ ಕೂತು ಮೀಟಿದಳು.
ಹೊಸ ಚಮಚ ಸ್ಟೀಲಿನ ಲೋಟಕ್ಕೆ ತಾಗಿದ ಹಾಗೆ.
ಭಟ್ಟಿಯಲ್ಲಿ ಮಂಡಕ್ಕಿ ಸಿಡಿಯುವ ಸದ್ದನ್ನೂ ಸೀಳಿ ಬಂತು.
"ಚೆನ್ನಾಗಿದೆ," ಬೆರಳ ತುದಿ ಊದಿಕೊಂಡಳು,
"ಆದರೆ ಬಗ್ಗುವುದಿಲ್ಲ. ತಳ್ಳಿದರೆ ತಿರುಗಿ ತಳ್ಳುತ್ತದೆ.
ಉರುಟು ಎಳೆಗೆ ಸುತ್ತಿ ಕೊಡ್ತೀರಾ?"

ಉರುಟು ಎಳೆ ಅವಳೇ ತಂದಳು. ಸುತ್ತಿದೆ. ಕತ್ತರಿಸಿದೆ.
ಇಕ್ಕಳದ ಬಾಯಿ ಮುಚ್ಚಿದ್ದೇ ತಡ
ಸುತ್ತೆಲ್ಲ ಒಳಗೊಳಗೇ ಸರಿದು ಸಡಿಲವಾಯಿತು.
ಮೀಟಿದರೆ ಡಬ್. ಒದ್ದೆ ಗೋಣಿ ಬಡಿದ ಹಾಗೆ.

ನಲವತ್ತು ವರ್ಷ ಸುತ್ತಿದ ಕೈ ಇದು.
ತುದಿ ಕಟ್ಟದೆ ಕಾಯಿಲು ಬಿಡಬಾರದು ಅಂತ
ತಿಪ್ಪೇಶಿಯ ತಲೆಗೆ ಎಷ್ಟು ಸಲ ಮೊಟಕಿಲ್ಲ!

ಎರಡನೇ ಸಲ ಮೊದಲು ಬಗ್ಗಿಸಿದೆ,
ತುದಿಯನ್ನು ಮೊಣಕೈಯ ಹಾಗೆ ಮಡಿಸಿ, ಆಮೇಲೆ ಕತ್ತರಿ.
ನಿಂತಿತು. ನಡುವೆ ಎಲ್ಲೂ ಕಚ್ಚದೆ,
ಸುತ್ತಲೂ ಬರೀ ತಾಗಿಕೊಂಡು,
ಆ ಎರಡು ಮಡಿಕೆಗಳ ಭರವಸೆಯ ಮೇಲೆ.

ಎಳೆತವೆಲ್ಲ ಒಳಗಿನ ಉಕ್ಕಿನದು, ಗೊತ್ತಾ?
ಹೊರಗಿನ ತಾಮ್ರ ಏನನ್ನೂ ಎಳೆಯುವುದಿಲ್ಲ.
ಸುಮ್ಮನೆ ಭಾರವಾಗಿರುತ್ತದೆ.
ಆ ಭಾರಕ್ಕೇ ಸ್ವರ ಇಳಿದು ಕೂರುವುದು.

ಈ ಸಲ ಸದ್ದು ತಡವಾಗಿ ಬಂತು,
ತಾಮ್ರದ ಹಂಡೆಯೊಳಗಿಂದ ಯಾರೋ ಓಗೊಟ್ಟ ಹಾಗೆ.
ಅವಳ ಬೆರಳು ತಂತಿಯನ್ನು ಪಕ್ಕಕ್ಕೆ ಒಯ್ದಿತು,
ಅದು ಹೋಯಿತು. ಬಾ ಅಂದರೆ ಬಂತು.
ಶ್ರುತಿ ಮಾತ್ರ ನಿಲ್ಲಲಿಲ್ಲ. "ಎರಡು ದಿನ ಬೇಕು ಇದಕ್ಕೆ,
ಮನೆಗೆ ಹೊಂದಿಕೊಳ್ಳೋಕೆ" ಅಂದಳು.
"ಇದು ಬೇಗ ಮಂಕಾಗುತ್ತೆ, ಗೊತ್ತು. ಇರಲಿ."

ದುಡ್ಡು ಎಷ್ಟು ಕೇಳಲಿ? ನಮ್ಮದು ತಾಮ್ರದ ತೂಕದ ಲೆಕ್ಕ.
ತಕ್ಕಡಿಗೆ ಹಾಕಿದರೆ ಮುಳ್ಳು ಅಲುಗಲಿಲ್ಲ.
ಚಹಾ ಕುಡಿಸಿ ಹೋದಳು.

ತಿಪ್ಪೇಶಿ ಈಗ ಹರಿಹರದಲ್ಲಿ ಅಂಗಡಿ ಇಟ್ಟಿದ್ದಾನೆ.
ಹೋಗುವಾಗ ಹೇಳಿದ್ದ:
"ಆರೂ ಕಡೆಯಿಂದ ಹಿಡಿದುಕೊಂಡರೆ ಹೆಂಗೆ, ಉಸ್ತಾದ್?"
ನಾನು ಸ್ಪ್ಯಾನರು ಒರೆಸುತ್ತಾ ಕೂತಿದ್ದೆ.

ಕರೆಂಟು ಹೋಗಿದೆ. ಉಳಿದ ಗೇಣುದ್ದ ತುಂಡನ್ನು
ವೈಸಿನ ಬಾಯಿಗೂ ಬಾಗಿಲ ಮೊಳೆಗೂ ಬಿಗಿದಿದ್ದೇನೆ.
ಗೇಣು ಸಾಲದೆ ಮೊಳೆಯನ್ನೇ ಹತ್ತಿರ ಹೊಡೆದೆ.
ಹೋಗಿ ಬರುವವರ ಮೊಣಕೈ ತಾಗುತ್ತದೆ.
ತಾಗಿದಾಗೆಲ್ಲ ತಲೆ ಎತ್ತುತ್ತೇನೆ.